ಗೋದಾಮಿನ ಬಾಗಿಲಿನ ಐದು ಮೊಳೆ

“ಇವು ಬಡಗಿ ಹೊಡೆದ ಮೊಳಿ ಅಲ್ಲಮ್ಮಾ. ವದ್ದು, ಮುಟ್ಟಬ್ಯಾಡ್ರಿ.”

ಹಾಲಹರವಿಯ ಬಡಗಿ ತಿಪ್ಪೇಶ ಬಾಗಿಲ ಮೇಲಿಟ್ಟಿದ್ದ ಅಂಗೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಗಂಗೋತ್ರಿಗೆ ನಗು ಬಂತು. ಹಳೆಯ ಬಾಗಿಲನ್ನು ಮಲಗಿಸಿ ಕೆಲಸದ ಮೇಜು ಮಾಡಬೇಕು, ಅದಕ್ಕೆ ನಾಲ್ಕು ಗಟ್ಟಿ ಕಾಲು ಕೂಡಿಸಿಕೊಡು ಎಂದು ಆತನನ್ನು ಆದೋನಿಯ ತನಕ ಕರೆಸಿದರೆ, ಆಸಾಮಿ ಮೊಳೆ ನೋಡಿ ಬೆವರುತ್ತಿದ್ದಾನೆ.

ಎರಡಂಗುಲ ದಪ್ಪದ ತೇಗದ ಬಾಗಿಲು. ಒಂದು ಅಂಚು ಸುಟ್ಟು ಕರಿಕಾಗಿತ್ತು. ನಟ್ಟನಡುವೆ, ಒಂದು ಅಂಗೈಯಷ್ಟು ಜಾಗದಲ್ಲಿ ನಾಲ್ಕು ಮೂಲೆಗೆ ನಾಲ್ಕು ಮೊಳೆ, ಮಧ್ಯೆ ಇನ್ನೊಂದು. ಐದರ ತಲೆಯ ಕೆಳಗೂ ಉದ್ದನೆಯ ಕಪ್ಪು ಕೂದಲು ಸುತ್ತಿತ್ತು. ಇಷ್ಟು ವರ್ಷದ ತುಕ್ಕಿನಲ್ಲೂ ಕೂದಲು ಹೊಳೆಯುತ್ತಿತ್ತು.

“ಬಾನಾಮತಿ ಕೆಲಸ ಇದು. ಯಾರದೋ ಬಾಯಿ ಕಟ್ಯಾರ,” ಎಂದ ತಿಪ್ಪೇಶ. “ಅದಕ್ಕ ಈ ಬಾಗ್ಲ ಸುಟ್ಟೂ ಇಲ್ಲ, ಮಾರಿಯೂ ಇಲ್ಲ. ಹೊಡೆದ ಕೈಯೇ ಇವನ್ನ ಕೀಳಬೇಕು. ಬ್ಯಾರೆಯವರು ನಡುವಿಗೆ ಕಡಿದ್ರ, ಕಟ್ಟಿದ ಬಾಯೇನೋ ಬಿಚ್ಚತೈತಿ. ಆದ್ರ ಕಟ್ಟಿಗ್ಯಾಗ ಉಳಿದ ಅರ್ಧ ಮೊಳಿ ಕಡಿದವರ ನಾಲಿಗಿ ಹಿಡೀತೈತಿ.”

“ಹಂಗಾದ್ರ ಚಲೋನ ಆತು ಬಿಡ್ರಿ. ನಮ್ಮ ಮಾವನ ಕೈಯಾಗ ಮಷಿನ್ ಕೊಟ್ಟು ಕಡಿಸ್ತೀನಿ. ಈ ಮನ್ಯಾಗ ಬಾಯಿ ಮುಚ್ಚಬೇಕಾದಾತ ಅಂದ್ರ ಆತನಾ.”

ತಿಪ್ಪೇಶ ಚೀಲ ಹೆಗಲಿಗೇರಿಸಿಕೊಂಡು, ಇಟ್ಟ ಚಹಾ ಕುಡಿಯದೆ ಹೊರಟುಹೋದ.

ಗಂಗೋತ್ರಿ ಬಳ್ಳಾರಿಯ ಹುಡುಗಿ. ನಾಲ್ಕು ವರ್ಷ ಅಲ್ಲಿನ ಫರ್ನಿಚರ್ ಕಾರ್ಖಾನೆಯಲ್ಲಿ ಪ್ಲೈವುಡ್ ಕತ್ತರಿಸಿದ ಕೈ ಅದು. ಹತ್ತಿ ವ್ಯಾಪಾರಿ ಮಲ್ಲಯ್ಯನ ಮಗ ರುದ್ರೇಶನನ್ನು ಮದುವೆಯಾಗಿ ಆರು ತಿಂಗಳಾಗಿತ್ತು. ಹಿತ್ತಲಿನ ಖಾಲಿ ಗೋದಾಮಿನಲ್ಲಿ ತನ್ನದೇ ಮರಗೆಲಸ ಶುರುಮಾಡುತ್ತೇನೆ ಎಂದಾಗ ರುದ್ರೇಶ ಹೂಂ ಎಂದ. ಮಲ್ಲಯ್ಯ ಉರಿದುಬಿದ್ದ. ಹೆಂಗಸರು ಗರಗಸ ಹಿಡಿದರೆ ಮನೆ ಎರಡಾಗುತ್ತದಂತೆ. ಹಣೆಗೆ ಮೂರು ಬೆರಳಿನ ವಿಭೂತಿ, ಬಾಯಿಗೆ ಮೂರು ಹೊತ್ತೂ ಬೈಗುಳ, ಇದು ಆ ಮನುಷ್ಯನ ದಿನಚರಿ. ಅವಳು ಬಳ್ಳಾರಿಯಿಂದ ತಂದ ಹಳೆಯ ಡ್ರಿಲ್ಲು ಹಚ್ಚಿದ ಕೂಡಲೇ ಸದ್ದಿಲ್ಲದೆ ಹೋಗಿ ಮೇನ್ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕೇಳಿದರೆ, ಕರೆಂಟ್ ಹೋಗೇತಿ ಎನ್ನುತ್ತಿದ್ದ.

ಅದಕ್ಕೇ ಗಂಗೋತ್ರಿ ಹೊಸ ಸಾಮಾನು ಆರಿಸುವಾಗ ಅಂಗಡಿಯವನ ಮಾತಿಗೆ ಮರುಳಾಗಲಿಲ್ಲ. ಡ್ರಿಲ್ಲು, ಗರಗಸ, ಪಾಲಿಶ್ ಎಲ್ಲ ಒಂದರಲ್ಲೇ ಎಂದು ಆತ ತೋರಿಸಿದ ಮಿರಮಿರ ಮಿಂಚುವ ಪೆಟ್ಟಿಗೆಯನ್ನು ಬದಿಗೆ ಸರಿಸಿದಳು. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಭಾರ ನೋಡಿದಳು. ಕೈ ಬಿಟ್ಟ ಕೂಡಲೇ ಸ್ವಿಚ್ಚು ತಾನಾಗಿ ಆರುತ್ತದೆಯೇ, ಗರಗಸದ ಹಲ್ಲಿನ ಮೇಲೆ ಮುಚ್ಚಳ ಸರಿಯಾಗಿ ಬೀಳುತ್ತದೆಯೇ ಎಂದು ಪರೀಕ್ಷೆ ಮಾಡಿದಳು. ಗರಗಸ, ಹಲಗೆ ನಯ ಮಾಡುವ ಪ್ಲೇನರ್, ಕಬ್ಬಿಣ ಕಡಿಯುವ ಗ್ರೈಂಡರ್ ತೆಗೆದಿಟ್ಟಳು. ಕೊನೆಗೆ, ಬ್ಯಾಟರಿಯದೂ ಒಂದು ಗ್ರೈಂಡರ್ ಕೊಡಿ ಎಂದಳು.

“ಬ್ಯಾಟರಿದಿ ಎಂದುಕು, ಯಾಕೆ ಮೇಡಮ್? ವೈರಿಂದು ತಗೊಂಡೀರಲ್ಲ, ಅದೇ ಸ್ಟ್ರಾಂಗು.”

“ನಮ್ಮ ಮನ್ಯಾಗ ಕರೆಂಟ್ ಹೋಗೂದಿಲ್ರಿ. ತಗೀತಾರ,” ಎಂದಿದ್ದಳು ಗಂಗೋತ್ರಿ.

ಆ ಗೋದಾಮಿಗೆ ಒಂದು ಕತೆ ಇತ್ತು. ಹತ್ತೊಂಬತ್ತು ವರ್ಷದ ಹಿಂದೆ ಅದು ಹತ್ತಿಯ ಸಮೇತ ಸುಟ್ಟುಹೋಗಿತ್ತು. ಒಳಗೆ ಮಲಗಿದ್ದ ಕಾವಲುಗಾರ ಉರುಕುಂದಪ್ಪ ಬೂದಿಯಾದ. ಆತನೇ ಬೀಡಿ ಸೇದಿ ಎಸೆದನೆಂದು ಮಲ್ಲಯ್ಯ ಪೊಲೀಸರಿಗೆ ಹೇಳಿದ. ವಿಮೆ ಬಂತು, ಗೋದಾಮಿಗೆ ಹೊಸ ತಗಡು, ಹೊಸ ಶಟರ್ ಬಂತು, ಹಳೆಯ ಬಾಗಿಲು ಮೂಲೆ ಸೇರಿತು. ಆದರೆ ಅದೇ ದಿನ ಮಲ್ಲಯ್ಯನ ಹೆಂಡತಿ ಗುರುಶಾಂತಮ್ಮನ ಮಾತು ನಿಂತುಹೋಯಿತು. ಬೆಂಕಿ ಕಂಡ ಆಘಾತ ಎಂದರು ಎಲ್ಲರೂ. ಉರುಕುಂದಪ್ಪನ ಹೆಂಡತಿ ಗಂಗಕ್ಕ ಅಂದಿನಿಂದ ಇದೇ ಮನೆಯ ಅಂಗಳ ಗುಡಿಸುತ್ತಿದ್ದಳು. ಗಂಡನನ್ನು ಕಳೆದುಕೊಂಡ ಜಾಗವನ್ನೇ ದಿನವೂ ಗುಡಿಸಿ ಹೊಟ್ಟೆ ಹೊರೆಯಬೇಕು. ಅದನ್ನು ಮಲ್ಲಯ್ಯ ತಾನು ಮಾಡಿದ ಧರ್ಮವೆಂದು ಬಂದವರೆದುರು ಹೇಳಿಕೊಳ್ಳುತ್ತಿದ್ದ. ನಾಚಿಕೆಗೇಡಿ!

ತಿಪ್ಪೇಶ ಹೋದ ಮರುದಿನ, ಗಂಗೋತ್ರಿ ಬಾಗಿಲನ್ನು ಎಳೆಯುವ ಸದ್ದಿಗೆ ಮಲ್ಲಯ್ಯ ಓಡಿಬಂದ.

“ಆ ಬಾಗ್ಲ ತಂಟೀಗೆ ಹೋಗಬ್ಯಾಡ.”

“ಯಾಕ ಮಾವ? ಸುಮ್ನ ಗೆದ್ದಲು ತಿಂತೈತಿ.”

“ಯಾಕ ಅಂತ ಕೇಳೋ ಹೆಣ್ಣು ಈ ಮನ್ಯಾಗ ಬಾಳೂದಿಲ್ಲ.”

ಮಾತು ಎಂದಿನಂತೆ ಬಿರುಸಾಗಿಯೇ ಇತ್ತು. ಆದರೆ ಕಣ್ಣು ಮಾತ್ರ ಮೊಳೆಗಳ ಮೇಲಿತ್ತು. ಗಂಗೋತ್ರಿಗೆ ಮೈಯೆಲ್ಲ ಉರಿಯಿತು. ಬಾಳುವೆಯ ಪಾಠ ಹೇಳಲು ಇವನ್ಯಾರು? ಹತ್ತೊಂಬತ್ತು ವರ್ಷ ಮೂಕಿಯಾಗಿರುವ ಹೆಂಡತಿಯನ್ನು ಒಂದು ದಿನವೂ ಆಸ್ಪತ್ರೆಗೆ ಕರೆದುಕೊಂಡು ಹೋಗದವನು! ಮಲ್ಲಯ್ಯ ಮಾರ್ಕೆಟ್ ಯಾರ್ಡಿಗೆ ಹೊರಟಿದ್ದೇ ತಡ, ಅವಳು ಟೊಂಕ ಕಟ್ಟಿ ನಿಂತಳು.

ಮಟಮಟ ಮಧ್ಯಾಹ್ನ. ಪಕ್ಕದ ಮನೆಯವರು ಒಣಹಾಕಿದ ಮೆಣಸಿನಕಾಯಿಗೆ ಧೂಳು ಹಾರದಿರಲೆಂದು ಕಿಟಕಿ ಮುಚ್ಚಿ ಶಟರ್ ಅರ್ಧಕ್ಕೆ ಎಳೆದಳು. ಒಳಗೆ ಒಂದೇ ಬಲ್ಬು, ಮೂಲೆಗಳೆಲ್ಲ ಕತ್ತಲು, ಕಾದ ತಗಡಿನ ವಾಸನೆ. ಹಲಗೆ ಕೊಯ್ಯಲು ಆನಿಕೆಯಾಗುವ ಎರಡು ಮರದ ಕುದುರೆ ನಿಲ್ಲಿಸಿ, ಅವುಗಳ ಮೇಲೆ ಬಾಗಿಲನ್ನು ಮಲಗಿಸಿದಳು. ದುಪ್ಪಟ್ಟಾ ತೆಗೆದಿಟ್ಟಳು, ಜಡೆಯನ್ನು ಗಂಟು ಹಾಕಿದಳು, ಕಣ್ಣಿಗೆ ಕನ್ನಡಕ, ಕಿವಿಗೆ ಸದ್ದು ತಡೆಯುವ ದಪ್ಪ ಮುಚ್ಚಳ. ಮೊಳೆ ಇರುವ ಹಲಗೆಗೆ ಗರಗಸ ಹಚ್ಚಿದರೆ ಅದು ಎದೆಗೇ ಎಗರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಮೊದಲು ಮೊಳೆ ಹೋಗಬೇಕು. ಸುತ್ತಿಗೆಯ ಸೀಳಿಗೆ ಸಿಕ್ಕಿಸಿ ಎಳೆದಳು. ಸುತ್ತಿಗೆಯ ಹಿಡಿಯೇ ಮುರಿಯಿತು. ಇಕ್ಕಳ ಹಾಕಿ ತಿರುಚಿದಳು. ಮೊಳೆ ಕೂದಲೆಳೆಯಷ್ಟೂ ಮಿಸುಕಲಿಲ್ಲ.

“ಇರು, ನಿನಗ ಮಾಡ್ತೀನಿ,” ಎಂದು ವೈರಿನ ಗ್ರೈಂಡರ್ ಎತ್ತಿಕೊಂಡಳು.

ಮೊದಲ ಮೊಳೆ. ಕಿಡಿಗಳು ಚಿಮ್ಮಿದವು, ತಲೆ ಟಣ್ಣನೆ ಹಾರಿತು. ಕಾದ ಕಬ್ಬಿಣದ ವಾಸನೆ ಬರಬೇಕಿತ್ತು. ಮೂಗಿಗೆ ಬಡಿದದ್ದು ಸೀಮೆಎಣ್ಣೆ. ಬಾಯಿ ಒಣಗಿತು. ಧೂಳು ಹೋಗಿರಬೇಕು ಎಂದುಕೊಂಡಳು.

ಎರಡನೆಯದು. ಮಷಿನ್ ಆರಿಸಿ ಎಡಗೈಯನ್ನು ಹಲಗೆಯ ಮೇಲೆ ಊರಿದಳು. ಅಂಗೈಗೆ ಏನೋ ತಾಕಿತು. ಧಡ್. ಮತ್ತೆ ಧಡ್ ಧಡ್. ಯಾರೋ ಬಾಗಿಲನ್ನು ಆ ಬದಿಯಿಂದ ಗುದ್ದುತ್ತಿದ್ದರು. ಬಗ್ಗಿ ನೋಡಿದಳು. ಹಲಗೆಯ ಕೆಳಗೆ ಬರೀ ನೆಲ. ನಾಲಿಗೆಯ ತುದಿ ಜೋಮು ಹಿಡಿದಂತಿತ್ತು.

ತಿಪ್ಪೇಶನ ಮಾತು ನೆನಪಾಯಿತು. ಬಿಡೋಣವೇ? ಬಿಟ್ಟರೆ ಸಂಜೆ ಆ ಮುದುಕ ಇದೇ ಗೋದಾಮಿನಲ್ಲಿ ನಿಂತು ಮೀಸೆ ತಿರುವುತ್ತಾನೆ. ಹಲ್ಲು ಕಚ್ಚಿ ಮೂರನೆಯದಕ್ಕೆ ಹಚ್ಚಿದಳು. ಕರಿಕಾದ ಅಂಚು ಬೆಚ್ಚಗಾಯಿತು, ಹೊಗೆಯಾಡಿತು. ನಾಲ್ಕನೆಯದು. ತಲೆ ಹಾರಿತು. ಥೂ ಎಂದು ಉಗಿಯಲು ತಿರುಗಿದರೆ ನಾಲಿಗೆ ಮೇಲೇಳಲಿಲ್ಲ.

ಹಿಂದೆ ಅತ್ತೆ ನಿಂತಿದ್ದಳು. ಈ ಗೋದಾಮಿನೊಳಗೆ ಎಂದೂ ಕಾಲಿಡದ ಗುರುಶಾಂತಮ್ಮ. ಅವಳ ತುಟಿಗಳು ಅಲ್ಲಾಡುತ್ತಿದ್ದವು. ಗಂಗೋತ್ರಿ ಕಿವಿಯ ಮುಚ್ಚಳ ಕಿತ್ತಳು.

“ಸಾಕವ್ವ! ಸಾಕು! ಎಷ್ಟೊತ್ತಿಂದ ಕೂಗ್ಲಿಕತ್ತೀನಿ, ನಿನ್ನ ಕಿವೀಗೆ ಬೀಳವಲ್ದು!”

ತುಕ್ಕು ಹಿಡಿದ ಬಿಜಾಗರಿಯ ಹಾಗಿತ್ತು ಆ ದನಿ. ಗಂಗೋತ್ರಿ ಅತ್ತೀ ಎನ್ನಲು ಹೋದಳು. “ಅ... ಅ...” ಅಷ್ಟೇ ಬಂತು.

“ನಿನ್ನ ಮಾತು ಹೋಗ್ಲಿಕತ್ತೈತಿ,” ಗುರುಶಾಂತಮ್ಮ ಅವಳ ಕೈ ಹಿಡಿದಳು. “ಇದೊಂದು ಬಿಡು. ನಾನು ಕಂಡಿದ್ದೆ ಅವತ್ತು. ಸೀಮೆಎಣ್ಣಿ ಸುರಿದದ್ದು ಕಂಡೆ. ಹೊರಗಿಂದ ಬೀಗ ಹಾಕಿದ್ದು ಕಂಡೆ. ಉರುಕುಂದಪ್ಪ ಒಳಗ ಬಾಗ್ಲ ಬಡಿತಿದ್ದ. ಪೊಲೀಸರಿಗೆ ಹೇಳ್ತೀನಿ ಅಂದೆ. ಹೇಳೋದರೊಳಗ ಒಬ್ಬ ಮಾಂತ್ರಿಕನ್ನ ಕರ್ಕೊಂಡು ಬಂದು, ನನ್ನ ಕೂದಲ ಕಿತ್ತು ಸುತ್ತಿ, ತನ್ನ ಕೈಯಾರೆ ಈ ಮೊಳಿ ಹೊಡೆದ.”

“ಯಾರು ಅಮ್ಮಾರ?”

ಶಟರಿನ ಕೆಳಗೆ ಗಂಗಕ್ಕ ಕಸಬರಿಗೆ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. “ಬೀಗ ಹಾಕಿದ್ದು ಯಾರು? ಹೇಳ್ರಿ.”

ಗುರುಶಾಂತಮ್ಮ ಬಾಯಿ ತೆರೆದಳು. ಕುತ್ತಿಗೆಯ ನರ ಬಿಗಿಯಿತು, ಕಣ್ಣು ಮೇಲೇರಿತು. ಹೆಸರು ಬರಲಿಲ್ಲ. ಗಂಡನ ಹೆಸರು ಹೇಳಬಾರದೆಂದು ಮದುವೆಯ ದಿನವೇ ಕಟ್ಟಿದ ಬಾಯಿ ಅದು. ಅದರ ಮೇಲೆ ನಡುವಿನ ಆ ಐದನೆಯ ಮೊಳೆ ಬೇರೆ.

ಬಲ್ಬು ಆರಿತು.

“ಇನ್ನ ಹೆಂಗ ಕಡೀತಿ, ಕಡಿ ನೋಡೋಣ.” ಶಟರಿನ ಬಳಿ ಯಾರ್ಡಿನಿಂದ ಮರಳಿದ್ದ ಮಲ್ಲಯ್ಯ. ಕೈಯಲ್ಲಿ ಫ್ಯೂಜು. “ಗಂಗಕ್ಕ, ಈ ಹುಚ್ಚಿ ಮಾತು ಕೇಳಬ್ಯಾಡ. ಯಾರ ಹೆಸರು ಹೇಳಿದ್ಳು? ಯಾರದೂ ಇಲ್ಲ. ನಡಿ, ಕೆಲಸ ನೋಡು.”

ಕಂಡ ಸಾಕ್ಷಿ ಇಡೀ ಊರಿಗೆ ಒಬ್ಬಳೇ. ಆ ಬಾಯಲ್ಲಿ ಎಲ್ಲ ಇದೆ, ಹೆಸರೊಂದಿಲ್ಲ. ಗಂಗೋತ್ರಿಯ ನಾಲಿಗೆಯಲ್ಲಿ ಇನ್ನೂ ಒಂದಿಷ್ಟು ಜೀವವಿತ್ತು. ಇಲ್ಲಿಗೇ ಬಿಟ್ಟರೆ ಅಷ್ಟಾದರೂ ಉಳಿಯುತ್ತಿತ್ತು.

“ಬ್ಯಾಡವ್ವ,” ಎಂದಳು ಅತ್ತೆ.

ಮಲ್ಲಯ್ಯ ನಕ್ಕ. ಅದೇ ಹಳೆಯ ನಗು, ಕರೆಂಟ್ ಹೋಗೇತಿ ಎನ್ನುವಾಗಿನ ನಗು.

ಆ ನಗುವೇ ಕೆಡಿಸಿತು. ಗಂಗೋತ್ರಿ ಮಬ್ಬುಗತ್ತಲಲ್ಲಿ ತಡಕಿದಳು. ಬ್ಯಾಟರಿಯ ಗ್ರೈಂಡರ್ ಸಿಕ್ಕಿತು. ಬೆರಳು ಒತ್ತಿದಳು. ಮಷಿನ್ ಅರಚಿತು. ಮಲ್ಲಯ್ಯನ ನಗು ನಿಂತಿತು. ಕಿಡಿ. ಕಿಡಿಯ ಬೆಳಕಲ್ಲಿ ಆತನ ಮುಖ. ಧಡ್ ಧಡ್ ಧಡ್. ಬಾಗಿಲು ಕುದುರೆಗಳ ಮೇಲೆ ಕುಣಿಯಿತು. ಕೈ ಬಿಡಲಿಲ್ಲ. ಸೀಮೆಎಣ್ಣೆ. ಹೊಗೆ. ಸುಟ್ಟ ಕೂದಲು. ಗಂಟಲೊಳಗೆ ಯಾರೋ ಮೊಳೆ ಹೊಡೆದ ಹಾಗೆ. ಒಂದು ಪೆಟ್ಟು. ಇನ್ನೊಂದು. ಟಣ್!

“ಮಲ್ಲಯ್ಯ!”

ಓಣಿಯ ಆ ತುದಿಗೂ ಕೇಳುವ ಕೂಗು.

“ಬೀಗ ಹಾಕಿದಾತ ಮಲ್ಲಯ್ಯ! ನನ್ನ ಗಂಡ ಮಲ್ಲಯ್ಯ! ನನ್ನ ಕಣ್ಣಾರೆ ಕಂಡೀನಿ!”

ಬಾಗಿಲಿನ ಬಡಿತ ನಿಂತಿತು. ಗಂಗಕ್ಕನ ಕೈಯಿಂದ ಕಸಬರಿಗೆ ಬಿತ್ತು. ಗಂಗೋತ್ರಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಅಳುವ ಸದ್ದು ಕೂಡ ಹೊರಡಲಿಲ್ಲ.

ಮಲ್ಲಯ್ಯ ಚೇತರಿಸಿಕೊಂಡ. ವ್ಯಾಪಾರ ಮಾಡಿದ ಜೀವ, ಬೇಗನೆ ಚೇತರಿಸಿಕೊಂಡ. ನೆಲಕ್ಕೆ ಬಿದ್ದಿದ್ದ ಇಕ್ಕಳ ಎತ್ತಿಕೊಂಡು ಮೊಳೆಗಳ ಬಳಿ ಬಂದ. ಐದೂ ಇನ್ನೂ ಅರ್ಧ ಬೆರಳಷ್ಟು ಮೇಲಕ್ಕೆ ಉಳಿದಿದ್ದವು.

“ನೋಡವ್ವ ಗಂಗೋತ್ರಿ. ಈ ಕೈಯಿಂದಾನ ಹೊಡ್ದೀನಿ, ಈ ಕೈಯಿಂದಾನ ಕೀಳ್ತೀನಿ. ನಿನ್ನ ಮಾತು ಹೊಳ್ಳಿ ಬರ್ತೈತಿ. ನಿನ್ನ ಅತ್ತಿ ಒಂದೇ ಒಂದು ಮಾತು ಅಂದ್ರ ಸಾಕು. ತಲಿ ಕೆಟ್ಟು ಸುಳ್ಳಾಡಿದೆ ಅಂತ ಈ ಗಂಗಕ್ಕಗ ಹೇಳಲಿ.”

ಗುರುಶಾಂತಮ್ಮ ಸೊಸೆಯನ್ನು ನೋಡಿದಳು. ಹತ್ತೊಂಬತ್ತು ವರ್ಷ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಣ್ಣು ತುಂಬಿತು. “ಈಕಿ ಇನ್ನೂ ಸಣ್ಣಾಕಿ,” ಎಂದಳು ಮೆಲ್ಲಗೆ. ನಂತರ ಗಂಗಕ್ಕನ ಕಡೆ ತಿರುಗಿದಳು. “ಗಂಗಕ್ಕ, ನಾನು ಅಂದದ್ದು...”

ಗಂಗೋತ್ರಿ ಕಿವಿಗೆ ಮುಚ್ಚಳ ಏರಿಸಿಕೊಂಡಳು. ಈ ಚೌಕಾಸಿ ಕೇಳುವ ಮನಸ್ಸು ಅವಳಿಗಿರಲಿಲ್ಲ. ಮಷಿನ್ ಒತ್ತಿದಳು. ಮೊದಲ ಮೊಳೆಯ ಉಳಿದ ತುಂಡಿನ ಮೇಲೆ ಗ್ರೈಂಡರಿನ ತಿರುಗುವ ಬಿಲ್ಲೆಯನ್ನು ಅಡ್ಡಲಾಗಿ ಊರಿ ತಿಕ್ಕಿದಳು. ಮೊಳೆ ಸವೆಯಿತು, ಮರ ಸುಟ್ಟಿತು, ಮೊಳೆ ಮರದೊಳಕ್ಕೆ ಇಳಿಯಿತು. ಮಲ್ಲಯ್ಯ ಇಕ್ಕಳ ಚಾಚಿದ. ಕಿಡಿಗಳು ವಿಭೂತಿಯ ಹಣೆಗೆ ಸಿಡಿದವು, ಹಿಂದೆ ಸರಿದ. ಎರಡನೆಯದು. ಮೂರನೆಯದು. ಅವನ ಬಾಯಿ ಏನೇನೋ ಅರಚುತ್ತಿತ್ತು. ನಾಲ್ಕು. ಐದು. ಹೆಬ್ಬೆರಳಿನಿಂದ ಸವರಿದಳು. ಸುಡುತ್ತಿತ್ತು. ಆದರೆ ಎಲ್ಲೂ ಏನೂ ಎದ್ದಿರಲಿಲ್ಲ. ಇನ್ನು ಯಾರ ಕೈಗೂ, ಯಾವ ಇಕ್ಕಳಕ್ಕೂ ಆ ಮೊಳೆಗಳು ಸಿಗುವಂತಿರಲಿಲ್ಲ.

ಮಲ್ಲಯ್ಯನ ಕೈಯಿಂದ ಇಕ್ಕಳ ಕಸಿದು ಗೋಡೆಗೆ ಅದರ ಜಾಗದಲ್ಲಿ ತೂಗುಹಾಕಿದಳು. ಕಿವಿಯ ಮುಚ್ಚಳ ತೆಗೆದಳು.

ಹೊರಗೆ ಅಂಗಳದಲ್ಲಿ ಓಣಿಯ ಜನ ಸೇರಿದ್ದರು. ಗಂಗಕ್ಕನ ಎರಡೂ ಕೈ ಹಿಡಿದುಕೊಂಡು ಗುರುಶಾಂತಮ್ಮ ಮೊದಲಿನಿಂದ ಹೇಳುತ್ತಿದ್ದಳು, ನಿಲ್ಲಿಸದೆ, ಪ್ರತಿ ಮಾತಿಗೂ ಹೆಸರು ಹಿಡಿದು. ಮಲ್ಲಯ್ಯ ಸುಟ್ಟ ಬಾಗಿಲಿನ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತಿದ್ದ.

ಫೋನ್ ಬಡಿದುಕೊಂಡಿತು. ರುದ್ರೇಶ. ಹತ್ತಿ ಲಾರಿಯ ಜೊತೆ ಗುಂಟೂರಿಗೆ ಹೋಗಿದ್ದವನು.

“ಹಲೋ, ಊಟ ಆತೇನು? ಹಲೋ? ಗಂಗೋತ್ರಿ, ಮಾತಾಡು. ಯಾಕ ಸುಮ್ನದಿ?”

ಅವಳು ಫೋನನ್ನು ಅಂಗಳದ ಕಡೆಗೆ ಹಿಡಿದಳು. ತಾಯಿಯ ಮಾತು ನಿಂತಾಗ ರುದ್ರೇಶನಿಗೆ ಎಂಟು ವರ್ಷ. ಸ್ವಲ್ಪ ಹೊತ್ತು ಆತ ಕೇಳಿಸಿಕೊಂಡ.

“ಯಾರ ಆಕಿ?” ಎಂದ. “ಆ ಮಾತಾಡಾಕಿ ಯಾರು?”

ಗಂಗೋತ್ರಿ ಬಾಯಿ ತೆರೆದಳು.