ಪಡಮರಕ್ಕೆ ಇಳಿ

ಅವನ ಕೈ ನನ್ನ ಕತ್ತಿನ ಮೇಲಿತ್ತು. ಬೆನ್ನಿಗೆ ತುಕ್ಕು ಹಿಡಿದ ಕಂಬಿ. ಅದರಾಚೆ ಐವತ್ತು ಅಡಿ... ಬರೀ ಗಾಳಿ!

“ಯಾರು ನೀನು? ನಿಜ ಹೇಳು!”

ಹೇಳುತ್ತೇನೆ. ಮೊದಲು ನಿಮಗೆ.

ಹೆಸರು ಅಶ್ವಿನಿ. ಇನ್ಶೂರೆನ್ಸ್ ಕ್ಲೇಮುಗಳ ಸುಳ್ಳು ಹುಡುಕುವುದು ನನ್ನ ವೃತ್ತಿ. ಈ ಬೆಂಕಿ ಕಾವಲು ಗೋಪುರ ಹತ್ತಿದ್ದು ಮಾತ್ರ ಸ್ವಂತ ಕೆಲಸಕ್ಕೆ. ಹೋದ ಮಾರ್ಚ್‌ನಲ್ಲಿ ಈ ಗುಡ್ಡದ ಕಾಡ್ಗಿಚ್ಚಿನಲ್ಲಿ ಸತ್ತ ಫೈರ್ ವಾಚರ್ ಸಂಜೀವಯ್ಯ ನನ್ನ ಅಣ್ಣ.

ರಿಪೋರ್ಟ್ ಹೀಗಿತ್ತು: ಟವರ್‌ನಲ್ಲಿದ್ದ ಚಿರಂಜೀವಿ ವಾಕಿಟಾಕಿಯಲ್ಲಿ ‘ಮೂಡ್ಲ ಕಡೆ ಇಳಿ’ ಎಂದ. ಅಣ್ಣ ತಪ್ಪಾಗಿ ಕೇಳಿಸಿಕೊಂಡು ಪಶ್ಚಿಮಕ್ಕೆ ಇಳಿದ. ನೇರ ಬೆಂಕಿಯೊಳಕ್ಕೆ!

ತಪ್ಪು ಸತ್ತವನದು. ಫೈಲ್ ಕ್ಲೋಸ್!

ಆದರೆ ಸಾಯುವ ಮುನ್ನ ಅಣ್ಣ ಅತ್ತಿಗೆ ನರಸಮ್ಮನಿಗೆ ಫೋನ್ ಮಾಡಿದ್ದ.

“ಟವರ್‌ನೋನು ಪಡಮರಕ್ಕೆ ಇಳಿ ಅಂದ ಕಣಮ್ಮಿ... ಇಲ್ಲೇ ಉರೀತೈತೆ!”

ಪಡಮರ. ಪಶ್ಚಿಮಕ್ಕೆ ತೆಲುಗಿನ ಮಾತು. ನಮ್ಮ ಹೊಳವನಹಳ್ಳಿಯಲ್ಲಿ ಪಡುವಲು ಅನ್ನುತ್ತೇವೆ. ಅಣ್ಣನ ಬಾಯಲ್ಲಿ ಆ ಶಬ್ದ ಹುಟ್ಟುವುದು ಸಾಧ್ಯವಿರಲಿಲ್ಲ. ಯಾರೋ ಅಂದದ್ದನ್ನು ಅಂದಂತೆಯೇ ಹೇಳಿದ್ದ.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಏಣಿ ಹತ್ತಿದೆ. ಎನ್‌ಕ್ವೈರಿ ಅಂದೆ. ಚಿರಂಜೀವಿ ಸ್ಟೂಲ್ ಕೊಟ್ಟ. ನೀರು ಕೊಟ್ಟ.

“ಸಿದ್ದರಬೆಟ್ಟ ಯಾವ ಕಡೆ ಬರುತ್ತೆ?”

“ಅಗೋ ಮೇಡಮ್, ಪಡಮರಕ್ಕೆ.”

“ಅಂದ್ರೆ?”

“ಹೊತ್ತು ಮುಳುಗೋ ಕಡೆ. ನಮ್ದು ಪಾವಗಡದಾಚೆ, ಬಾರ್ಡ್ರು. ಬಾಯಿಗೆ ಅದೇ ಬರ್ತೈತೆ!” ನಕ್ಕ.

ನಾನು ನಗಲಿಲ್ಲ.

“ಸಂಜೀವಯ್ಯನಿಗೂ ಅದೇ ಅಂದೆ ಅಲ್ವಾ, ಪಡಮರಕ್ಕೆ ಇಳಿ ಅಂತ? ನೀನು ಕದ್ದು ಕಡಿದ ಶ್ರೀಗಂಧದ ಬುಡಗಳನ್ನ ಅವನು ನೋಡಿದ್ದ, ಮನೇಲಿ ಹೇಳಿದ್ದ!”

ಆಗ ಬಂತು ಆ ಕೈ, ಕತ್ತಿಗೆ.

“ನಾನು ಅವನ ತಂಗಿ,” ಅಂದೆ. ಉಸಿರು ಸಾಲುತ್ತಿರಲಿಲ್ಲ. “ಬೆಂಕಿ ಹಚ್ಚಿದ್ದೂ... ನೀನೇ!”

“ಹೂಂ, ನಾನೇ! ಬುಡ ಎಲ್ಲಾ ಸುಟ್ಟೋಗ್ಲಿ ಅಂತ! ಅವ್ನು ಬಾಯಿ ಮುಚ್ಕಂಡಿದ್ರೆ ಬದುಕ್ತಿದ್ದ. ನೀನು ಕಾಲು ಜಾರಿ ಬಿದ್ದೆ ಅಂತ ಬರೆಸ್ತೀನಿ!”

“ಬರೆಸು. ಮೊದಲು ಕೆಳಗೆ ನೋಡು.”

ನೋಡಿದ.

ಹತ್ತು ಮಂದಿ ವಾಚರ್‌ಗಳು ಓಡಿ ಬರುತ್ತಿದ್ದರು. ಕೈಯಲ್ಲಿ ಬೆಂಕಿ ಬಡಿಯುವ ಹಸಿ ಕೊಂಬೆ. ಮುಂದೆ ಅತ್ತಿಗೆ. ಅಣ್ಣನ ಕೆಲಸ ಈಗ ಅವರದು. ಏಣಿ ಹತ್ತುವ ಮೊದಲೇ ಅವರಿಗೆ ಫೋನ್ ಮಾಡಿದ್ದೆ... ಟವರ್ ಹತ್ತಿರ ಹೊಗೆ ಅಂತ ಒಂದು ಸುಳ್ಳು!

“ಬೆಂಕಿ ಎಲ್ಲೈತೆ, ಅಶ್ವಿನೀ?”

“ಹಚ್ಚಿದವನು ಇಲ್ಲಿದ್ದಾನೆ, ಅತ್ತಿಗೆ! ಒಪ್ಪಿಕೊಂಡ!”

ಕತ್ತಿನ ಮೇಲಿನ ಕೈ ಸಡಿಲವಾಯಿತು. ಏಣಿ ಅಲುಗತೊಡಗಿತು.

“ಮೇಡಮ್, ಪೊಲೀಸ್ರನ್ನ ಕರೀರಿ!”

“ಕರೀತೀನಿ. ಸಿಗ್ನಲ್ ಸಿಗಲಿ.”

ಅತ್ತಿಗೆ ಮೇಲೆ ಬಂದರು. ಹಿಂದೆ ಇನ್ನಿಬ್ಬರು. ಬೆಂಕಿ ಬಡಿಯಲು ಕೊಂಬೆಯ ತುಂಬ ಎಲೆ ಇರಬೇಕು. ಅತ್ತಿಗೆ ಅವನನ್ನೇ ನೋಡುತ್ತ ಎಲೆಗಳನ್ನೆಲ್ಲ ಸವರಿ ಹಾಕಿದರು.

“ನೀನು ಇಳಿ ಕಣಮ್ಮ. ಓದಿರೋಳು.”

ಇಳಿದೆ. ತುಂಬಾ ನಿಧಾನವಾಗಿ. ಕೋರ್ಟಿನಲ್ಲಿ ನಾನು ಸುಳ್ಳು ಹೇಳುವವಳಲ್ಲ... ಅದಕ್ಕೇ ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ!