ಕಸೂತಿ ಯಂತ್ರ ಮೂರನೇ ಸಲ ನಿಂತಾಗ

"ಕಳ್ಳನಾದ್ರೆ ಕದ್ದುಕೊಂಡು ಹೋಗ್ತಾನೆ ಮೇಡಂ. ಇವನು ಏನೂ ಕದಿಯಲ್ಲ, ಕೆಡಿಸಿ ಹೋಗ್ತಾನೆ," ಎಂದರು ಕಸೂತಿ ಅಂಗಡಿಯ ಯಜಮಾನರು. "ಆರು ತಿಂಗಳಲ್ಲಿ ಇದು ಮೂರನೇ ಸಲ."

ಮೂವತ್ತು ವರ್ಷ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡಿದ್ದವರನ್ನು ಬೀದಿಯೆಲ್ಲ ಲ್ಯಾಬ್ ಮೇಡಂ ಎಂದೇ ಕರೆಯುತ್ತಿತ್ತು. ಯಾರ ಮನೆಯಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ಮೊದಲು ಹತ್ತುತ್ತಿದ್ದುದು ಅವರ ಮೆಟ್ಟಿಲನ್ನೇ. ಪಕ್ಕದಲ್ಲಿ ಪೇಪರು ಹಿಡಿದು ಕುಳಿತಿದ್ದವನು ಅವರ ತಮ್ಮ, ಬಸ್ಸು ಓಡಿಸಿ ನಿವೃತ್ತನಾದವನು. ಅಕ್ಕ ಹೋದಲ್ಲೆಲ್ಲ ಬಾಲದಂತೆ ಹೋಗುವುದು ಅವನ ಕೆಲಸ. ಕಂಪ್ಯೂಟರ್ ಮಾತ್ರ ಅವನಿಗೆ ಕಬ್ಬಿಣದ ಕಡಲೆ.

"ಯಂತ್ರ ಹಳೇದು, ಮಾಡಿದ ಕಂಪನಿಯೇ ಈಗಿಲ್ಲ. ನನ್ನ ಮಗಳು ಅದಕ್ಕೆ ಡ್ರೈವರ್ ಬರೆದಿದ್ಲು," ಎಂದರು ಯಜಮಾನರು.

"ಡ್ರೈವರ್‌ನ ಬರೀತಾರಾ?" ಎಂದ ತಮ್ಮ.

"ನಿನ್ನಂಥ ಡ್ರೈವರ್ ಅಲ್ಲ ಕಣೋ," ಅಕ್ಕ ನಕ್ಕರು. "ಕಂಪ್ಯೂಟರ್ ಹೇಳಿದ್ದನ್ನ ಯಂತ್ರಕ್ಕೆ ತಿಳಿಸೋ ದುಭಾಷಿ. ಕರ್ನಲ್ ಅಂದ್ರೆ ಕಂಪ್ಯೂಟರಿನ ತಿರುಳು. ಅದನ್ನ ಕಟ್ಟುವಾಗ ಈ ದುಭಾಷಿ ಬೇಕು ಅಂತ ಗುರುತು ಹಾಕಬೇಕು. ಹಾಕದಿದ್ರೆ ಎದುರಿಗೆ ಯಂತ್ರ ಇದ್ದರೂ ಕಂಪ್ಯೂಟರಿಗೆ ಕಾಣಲ್ಲ."

ಮಗಳು ಮೂರು ವರ್ಷದ ಹಿಂದೆ ಮನೆ ಬಿಟ್ಟಿದ್ದಳು. ಅವಳು ಕಟ್ಟಿದ ಒಂದು ಕರ್ನಲ್‌ನಿಂದ ಐವತ್ತು ಸಮವಸ್ತ್ರ ಹಾಳಾದ ದಿನ ತಂದೆ, "ಇದು ಅಂಗಡಿ, ನಿನ್ನ ಪ್ರಯೋಗಶಾಲೆ ಅಲ್ಲ," ಎಂದುಬಿಟ್ಟಿದ್ದರು. ಈಗ ಯಂತ್ರ ನಿಂತರೆ ಮಾತ್ರ ಪಕ್ಕದೂರಿನಿಂದ ಬರುತ್ತಾಳೆ, ಸರಿಮಾಡುತ್ತಾಳೆ, ಒಂದು ಲೋಟ ನೀರನ್ನೂ ಕುಡಿಯದೆ ಹೋಗುತ್ತಾಳೆ.

"ನಾಳೆ ಬೆಳಿಗ್ಗೆ ಹೊಸ ಯಂತ್ರ ಮಾರುವವನು ಬರ್ತಾನೆ," ಯಜಮಾನರ ದನಿ ಗಡುಸಾಯಿತು. "ಹಳೇದು ಗುಜರಿಗೆ. ಅದನ್ನ ನಡೆಸೋನು ನನ್ನ ತಂಗಿ ಮಗ, ಅವನ ಮೇಲೇ ನನಗೆ ಅನುಮಾನ. ಅವನೂ ಮನೆಗೆ. ಅಷ್ಟರೊಳಗೆ ಹೌದೋ ಅಲ್ಲವೋ ಹೇಳಿಬಿಡಿ."

ಯಂತ್ರ ಗುಜರಿಗೆ ಹೋದರೆ ಆ ಹುಡುಗಿ ಮತ್ತೆ ಈ ಬೀದಿಗೆ ಕಾಲಿಡುವುದಿಲ್ಲ ಎಂದು ತಮ್ಮನಿಗೆ ಅನಿಸಿತು. ಯಜಮಾನರಿಗೂ ಅದು ಗೊತ್ತಿತ್ತೇನೋ.

ಅಂಗಡಿಯ ಮುಂದೆ ಗಲ್ಲಾ, ಹಿಂದಿನ ಕೋಣೆಯಲ್ಲಿ ಯಂತ್ರ, ಕಂಪ್ಯೂಟರ್. ಕಿಟಕಿಯ ಬಳಿ ಯಜಮಾನರ ಹೆಂಡತಿ ಕೈಕಸೂತಿ ಹಾಕುತ್ತಿದ್ದರು. ಮಾದರಿ ಕಾಗದದ ಒಂದು ಸಾಲು ಮುಗಿದ ಕೂಡಲೇ ಅದರ ಕೆಳಗೆ ಸೂಜಿಯಿಂದ ಚುಚ್ಚುತ್ತಿದ್ದರು.

"ಕಾಗದಕ್ಕೂ ಹೊಲಿಗೇನಾ ತಾಯಿ?" ಎಂದು ತಮ್ಮ ಕೇಳಿದ.

"ಸಾಲು ತಪ್ಪಬಾರದಲ್ಲಣ್ಣ," ಎಂದರು ಆಕೆ, ತಲೆಯೆತ್ತದೆ.

ಸೋದರಳಿಯ ಮುಖ ಸಣ್ಣ ಮಾಡಿಕೊಂಡು ನಿಂತಿದ್ದ. "ನಾನ್ಯಾಕೆ ಕೆಡಿಸ್ಲಿ ಮೇಡಂ? ಹೋದ ವರ್ಷ ಹೊಸ ಕಂಪ್ಯೂಟರ್ ತಂದವನೇ ನಾನು. ಹಳೇದಕ್ಕೆ ಎರಡು ಕೋರ್, ಅಂದ್ರೆ ದುಡಿಯೋ ಕೈ ಎರಡು, ಇದಕ್ಕೆ ಎಂಟು. ಎಂಟಕ್ಕೂ ಕೆಲಸ ಹಂಚಿದ್ರೆ ಅರ್ಧ ಗಂಟೇಲಿ ಕರ್ನಲ್ ಸಿದ್ಧ."

ಮೇಡಂ ಪರದೆಯ ಮುಂದೆ ಕುಳಿತರು. ಕರ್ನಲ್ ತನ್ನನ್ನು ಎಷ್ಟನೇ ಸಲ, ಯಾವಾಗ ಕಟ್ಟಿದರು ಎಂದು ತಾನೇ ಬರೆದುಕೊಂಡಿರುತ್ತದೆ. ಹದಿನೇಳನೇ ಸಲ, ಬುಧವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಅದರ ಮೊದಲ ಕಡತ ಹುಟ್ಟಿದ್ದು, ಅಂದರೆ ಕೆಲಸ ಶುರುವಾದದ್ದು, ಹನ್ನೆರಡೂ ಐದಕ್ಕೆ. ದುಭಾಷಿಯ ಮುಂದೆ 'ಬೇಡ' ಎಂಬ ಗುರುತು. ಅದಕ್ಕೆ ಮುಂಚಿನ, ಸರಿಯಿದ್ದ ಹದಿನಾರನೇ ಕರ್ನಲ್ ಪಕ್ಕದಲ್ಲೇ ಜೋಪಾನವಾಗಿತ್ತು.

"ಬುಧವಾರ ಯಂತ್ರಕ್ಕೆ ರಜೆ," ಎಂದರು ಯಜಮಾನರು. "ನಾನು ಗಲ್ಲಾದಲ್ಲಿದ್ದೆ. ಯಂತ್ರ ಮಾರುವವನು ಒಳಗೆ ಹೋಗಿ ಒಂದು ಗಳಿಗೆ ಅಳತೆ ತಗೊಂಡ. ನನ್ನ ತಂಗಿ ಮಗ ಬಟ್ಟೆ ಕೊಡೋಕೆ ಹೋಗಿ ಒಂದು ಗಂಟೆಗೆ ಬಂದ. ನನ್ನ ಹೆಂಡ್ತಿ ಇಲ್ಲೇ ಇದ್ಲು, ಪಾಪ, ಇವಳಿಗೆ ಟಿವಿ ಹಾಕೋಕೂ ಬರಲ್ಲ."

ಕಪಾಟಿನಲ್ಲಿ ಮಗಳ ನೋಟುಬುಕ್ಕಿತ್ತು. ಕರ್ನಲ್ ಕಟ್ಟುವ ವಿಧಾನ, ಪಾಸ್‌ವರ್ಡ್ ಎಲ್ಲ ಅದರಲ್ಲಿತ್ತು. ಕೊನೆಯ ಪುಟದಲ್ಲಿ ಅವಳು ಕಟ್ಟಿದ ಕರ್ನಲ್‌ಗಳ ಪಟ್ಟಿ. ಹನ್ನೆರಡರವರೆಗೆ ಸಾಲಾಗಿ, ಆಮೇಲೆ ಹದಿನಾಲ್ಕು, ಹದಿನಾರು. ಮೇಡಂ ಒಂದು ಹಾಳೆ ತಿರುವಿ ತಮ್ಮನ ಬೆರಳನ್ನು ಅದರ ಹಿಂಬದಿಗೆ ಒತ್ತಿದರು. ತರಿತರಿ ಎನ್ನಿಸಿತು. ಅವನಿಗೆ ತಲೆಬುಡ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಹಿಂದಿನ ಕೋಣೆಯಲ್ಲಿ ಸೇರಿದರು. ಯಂತ್ರ ಸರಿಮಾಡಲು ಬಂದ ಮಗಳು ಚೀಲವನ್ನು ಹೆಗಲಿನಿಂದ ಇಳಿಸದೆ ಬಾಗಿಲಿಗೊರಗಿ ನಿಂತಿದ್ದಳು. ತಾಯಿ ಅವಳನ್ನೇ ನೋಡುತ್ತಿದ್ದರು.

"ಕೆಡಿಸೋ ಮನಸ್ಸಿದ್ದವರಿಗೆ ಕಡತ ಅಳಿಸೋದು ಒಂದು ನಿಮಿಷದ ಕೆಲಸ," ಮೇಡಂ ಶುರುಮಾಡಿದರು. "ಇವರು ಹಾಗೆ ಮಾಡಲಿಲ್ಲ. ಒಳ್ಳೇ ಕರ್ನಲ್‌ನ ಜೋಪಾನ ಮಾಡಿಟ್ಟು, ಇಡೀ ಕರ್ನಲ್ ಹೊಸದಾಗಿ ಕಟ್ಟಿದ್ರು. ಅಂದ್ರೆ ಹಗೆಯವರಲ್ಲ. ಕಟ್ಟೋಕೆ ಎರಡು ಗಂಟೆ ಹಿಡೀತು. ಯಂತ್ರ ಮಾರೋರು ಒಳಗಿದ್ದದ್ದು ಒಂದು ಗಳಿಗೆ. ನಿಮ್ಮ ತಂಗಿ ಮಗ ಬಂದಿದ್ದೇ ಒಂದು ಗಂಟೆಗೆ, ಅಷ್ಟೊತ್ತಿಗೆ ಅರ್ಧ ಕೆಲಸ ಆಗಿತ್ತು. ಅವನಾಗಿದ್ರೆ ಎಂಟು ಕೋರ್ ಹಾಕಿ ಅರ್ಧ ಗಂಟೇಲಿ ಮುಗಿಸ್ತಿದ್ದ."

"ಮತ್ತೆ ಯಾರು?" ಎಂದರು ಯಜಮಾನರು.

"ನೋಟುಬುಕ್ಕಿನಲ್ಲಿ ಎರಡು ಕೋರ್ ಅಂತಿದೆ, ಹಳೇ ಕಂಪ್ಯೂಟರಿಗೆ ಬರೆದದ್ದು. ಅದನ್ನ ಅಕ್ಷರ ಬಿಡದೆ ಪಾಲಿಸಿದವರು ಮಾಡಿದ ಕೆಲಸ ಇದು. ಸಾಲು ತಪ್ಪದ ಹಾಗೆ ಪ್ರತಿ ಸಾಲಿನ ಕೆಳಗೂ ಸೂಜಿ ಚುಚ್ಚಿದ್ದಾರೆ. ಮೂರು ಸಲಕ್ಕೆ ಮೂರು ಚುಚ್ಚು."

ತಾಯಿ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಕೆಳಗಿಟ್ಟರು.

"ಅವಳು ಹಿಂದೆ ಮಾಡ್ತಿದ್ದಾಗ ಪಕ್ಕದಲ್ಲಿ ಕೂತು ನೋಡ್ತಿದ್ದೆ," ಎಂದರು. "ಫೋನ್ ಮಾಡಿದ್ರೆ 'ಕೆಲಸ ಇದೆಯಮ್ಮ' ಅಂತಾಳೆ. ಯಂತ್ರ ಕೆಟ್ರೆ ಬರ್ತಾಳೆ. ಅವಳ ಮುಖ ನೋಡಬೇಕಿತ್ತು, ಅಷ್ಟೇ. ಇವನ ಕೆಲಸಕ್ಕೆ ಕುತ್ತು ಬರುತ್ತೆ ಅಂತ ತಿಳೀಲಿಲ್ಲ. ತಪ್ಪಾಯ್ತು ಕಣಪ್ಪ."

"ಬಿಡಿ ಅತ್ತೆ," ಎಂದ ಸೋದರಳಿಯ.

"ಇನ್ನೂ ಮುಗಿದಿಲ್ಲ. ಇದರಲ್ಲಿ ಪಾಲು ಇಬ್ಬರದು," ಎಂದರು ಮೇಡಂ. "ಹನ್ನೆರಡಾದ ಮೇಲೆ ಹದಿನಾಲ್ಕು ಬರೆದೆಯಲ್ಲ ಮಗಳೇ, ಹದಿಮೂರು ಕಟ್ಟಿದವರು ಯಾರು ಅಂತ ಕೇಳಲಿಲ್ಲ. ಪಾಸ್‌ವರ್ಡ್ ಬದಲಾಯಿಸಲಿಲ್ಲ. ಒಳ್ಳೇ ಕರ್ನಲ್ ಪಕ್ಕದಲ್ಲೇ ಇತ್ತು, ಅದನ್ನ ಎಬ್ಬಿಸೋಕೆ ಐದು ನಿಮಿಷ ಸಾಕು. ನೀನು ಪ್ರತಿ ಸಲ ಅರ್ಧ ಗಂಟೆ ಕೂತು ಹೊಸದು ಕಟ್ಟಿದೆ."

ಮಗಳು ನೋಟುಬುಕ್ಕನ್ನು ಕೈಗೆತ್ತಿಕೊಂಡಳು. "ಚುಚ್ಚಿದ ತೂತು ಮೊದಲ ಸಲವೇ ನೋಡಿದೆ," ಎಂದಳು. "ಪಾಸ್‌ವರ್ಡ್ ಬದಲಾಯಿಸಿದ್ರೆ ಮತ್ತೆ ಯಾರು ಕರೀತಿದ್ರು ನನ್ನ?"

ಯಜಮಾನರು ಎದ್ದರು. ಯಂತ್ರ ಮಾರುವವನಿಗೆ, "ಹೊಸದು ಬೇಡಪ್ಪ," ಎಂದಷ್ಟೇ ಹೇಳಿ ಮುಂದಿನ ಕೋಣೆಗೆ ಹೋದರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮಗಳು ಚೀಲ ಕೆಳಗಿಟ್ಟು ತಾಯಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು.

"ಹದಿನೆಂಟು ನೀನೇ ಕಟ್ಟಮ್ಮ. ದುಭಾಷಿಗೆ 'ಬೇಕು' ಅಂತ ಹಾಕು."

ತಾಯಿ ಒಂದೊಂದೇ ಅಕ್ಷರ ಒತ್ತುತ್ತ, ಸಾಲಿಗೊಂದು ಸೂಜಿ ಚುಚ್ಚುತ್ತ ಹೋದರು.

"ಅಲ್ಲಿ ಎರಡು ಕೋರ್ ಬದಲು ಎಂಟು ಹಾಕಮ್ಮ, ಬೇಗ ಮುಗಿಯುತ್ತೆ."

"ಬೇಡ, ಎರಡೇ ಇರ್ಲಿ. ಕಮ್ಮಿ ಹಾಕಿದಷ್ಟೂ ನಿಧಾನ, ಎರಡು ಗಂಟೆ ಇರ್ತೀಯಲ್ಲ."

ಪಕ್ಕದೂರಿನ ಹನ್ನೊಂದೂವರೆಯ ಬಸ್ಸು ತಪ್ಪಿದರೆ ಮತ್ತೆ ಸಂಜೆ ಆರಕ್ಕೇ ಎಂದು ತಮ್ಮನಿಗೆ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಯಜಮಾನರು ಲೋಟದಲ್ಲಿ ನೀರು ತಂದು ಮಗಳ ಪಕ್ಕದಲ್ಲಿಟ್ಟರು. ಅವಳ ಮುಖ ನೋಡದೆ ಪರದೆಯ ಕಡೆ ಬೆರಳು ತೋರಿಸಿ ಹೆಂಡತಿಯನ್ನು ಕೇಳಿದರು:

"ಅಲ್ಲಿ ಒಂದು ಅಂತ ಹಾಕಿದ್ರೆ ಆಗಲ್ವಾ?"