ಸ್ಕೂಟಿ ಶಾಲೆಗೆ ಪ್ರಚಾರ ಬೇಕಾಗಿದೆ

ಮೆಸೇಜಿನ ಮೊದಲ ಸಾಲಿನಲ್ಲೇ ಎಡವಟ್ಟಾಗಿತ್ತು.

‘ಮಾನ್ಯ ಮಹಾದೇವಪ್ಪನವರೆ, ನಿಮ್ಮ ಪತ್ರಿಕೆಯನ್ನು ನಾನು ದಿನಾ ಬೆಳಿಗ್ಗೆ ತಪ್ಪದೆ ಓದುತ್ತೇನೆ’ ಎಂದು ದುರ್ಗಾದೇವಿ ಯಾದಗಿರಿಯ ವರದಿಗಾರರಿಗೆ ಬರೆದದ್ದೇನೋ ಸರಿಯಾಗಿಯೇ ಇತ್ತು. ಅದನ್ನೇ ಕಾಪಿ ಮಾಡಿ, ಹೆಸರು ಬದಲಿಸುವುದನ್ನು ಮರೆತು, ಮೇಕಪ್ ಕಲಿಸುವ ಹುಡುಗಿಗೆ, ಭಜನೆ ಹಾಕುವ ಪೇಜಿಗೆ, ಮಳೆ ಬರುತ್ತದೋ ಇಲ್ಲವೋ ಹೇಳುವ ಯೂಟ್ಯೂಬಿನವನಿಗೆ, ಕೊನೆಗೆ ‘ಮೊದಲ ತುತ್ತು’ ಎಂಬ ಊಟದ ಬ್ಲಾಗಿಗೂ ಕಳಿಸಿಬಿಟ್ಟಿದ್ದಳು.

ಉತ್ತರ ಬಂದದ್ದು ಊಟದ ಬ್ಲಾಗಿನಿಂದ ಮಾತ್ರ.

‘ನಾ ಮಹಾದೇವಪ್ಪ ಅಲ್ರಿ. ನಂದು ಪತ್ರಿಕೆನೂ ಅಲ್ಲ. ನಾ ಬರೆಯೋದು ಖಾನಾವಳಿ, ಮಿರ್ಚಿಬಜ್ಜಿ, ಸುಸಲಾದ ಮ್ಯಾಲ. ನಿಮ್ಮ ಸ್ಕೂಟಿ ತಿನ್ನಾಕ ಬರ್ತದೇನ್ರಿ? ಇಂತಿ, ತಿರುಪತಿ.’

ದುರ್ಗಾದೇವಿಯ ಕಿವಿ ಬಿಸಿಯಾದವು. ಬೆರಳು ಮಾತ್ರ ಸುಮ್ಮನಿರಲಿಲ್ಲ.

‘ಸ್ಕೂಟಿ ತಿನ್ನಾಕ ಬರಂಗಿಲ್ರಿ. ಆದ್ರ ನಮ್ಮಲ್ಲಿ ಕಲಿಯೋರು ಮೊದಲನೇ ದಿನ ಮಣ್ಣು ಮುಕ್ಕತಾರ. ಅದರ ರುಚಿ ಬಗ್ಗೆ ಬರೀರಿ.’

ಆ ಕಡೆ ಬಹಳ ಹೊತ್ತು ‘ಟೈಪಿಂಗ್’ ಎಂದು ತೋರಿಸಿತು. ಆಮೇಲೆ ಎರಡೇ ಅಕ್ಷರ ಬಂತು. ‘ಸೋತೆ.’

ದುರ್ಗಾದೇವಿ ಬಸ್ ಡ್ರೈವರ್ ಬಸವಂತ್ರಾಯನ ಮಗಳು. ಹೆಣ್ಣುಮಕ್ಕಳಿಗಾಗಿಯೇ ಶಹಾಪುರದಲ್ಲಿ ಸ್ಕೂಟಿ ಕಲಿಸುವ ಶಾಲೆ ತೆರೆದಿದ್ದಳು. ಶಾಲೆ ಅಂದರೆ ಊರಾಚೆ ಒಂದು ಬಯಲು, ಎರಡು ಹಳೆಯ ಸ್ಕೂಟಿ, ಒಂದು ಬೋರ್ಡು. ವಿದ್ಯಾರ್ಥಿನಿ ಒಬ್ಬಳೇ: ಟೈಲರ್ ಖುರ್ಷೀದಬೇಗಂ. ಆಕೆ ಕಲಿತು ಮುಗಿಸಿದ್ದರೂ, ಬಯಲು ಬಿಕೋ ಅನ್ನಬಾರದೆಂದು ದಿನಾ ಬೆಳಿಗ್ಗೆ ಬಂದು ನಾಲ್ಕು ಸುತ್ತು ಹೊಡೆದು ಹೋಗುತ್ತಿದ್ದಳು.

ಉಳಿದ ಹೆಂಗಸರು ಬೋರ್ಡು ಓದುತ್ತಿದ್ದರು, ನಗುತ್ತಿದ್ದರು, ಮುಂದೆ ಹೋಗುತ್ತಿದ್ದರು. “ದೀಪಾವಳಿ ತನಕ ನೋಡೂಣು. ಆಗಲಿಲ್ಲಂದ್ರ ಕಲಬುರಗಿ ಶೋರೂಮಿನ ಕೆಲಸಕ್ಕ ಹೋಗು, ನಾ ಮಾತಾಡೀನಿ,” ಎಂದಿದ್ದ ಬಸವಂತ್ರಾಯ. ಕಟುಕ ಅಪ್ಪನೇನಲ್ಲ. ಖಾಲಿ ಬಯಲಿನಲ್ಲಿ ಮಗಳು ಒಬ್ಬಳೇ ನಿಂತಿರುವುದನ್ನು ಬಸ್ಸಿನ ಕಿಟಕಿಯಿಂದ ದಿನಾ ನೋಡುವುದು ಅವನಿಗೆ ಆಗುತ್ತಿರಲಿಲ್ಲ, ಅಷ್ಟೇ.

ಎರಡು ದಿನ ಬಿಟ್ಟು ತಿರುಪತಿಯೇ ಬಂದ. ಸುರಪುರದ ಕಡೆಯ ಹುಡುಗ, ಶಹಾಪುರದ ಹತ್ತಿ ಮಿಲ್ಲಿನ ಆಫೀಸಿನಲ್ಲಿ ಕೆಲಸ. ಬ್ಲಾಗಿನ ಫೋಟೋದಲ್ಲಿ ದೊಡ್ಡ ಬುಲೆಟ್ಟಿಗೆ ಒರಗಿ, ಕರಿ ಕನ್ನಡಕ ಹಾಕಿ ನಿಂತವನು ಈಗ ಷೇರ್ ಆಟೋದಿಂದ ಇಳಿದಿದ್ದ.

“ಬುಲೆಟ್ ಎಲ್ಲದರಿ?” ದುರ್ಗಾದೇವಿ ಕೇಳಿದಳು.

“ಸರ್ವೀಸಿಗೆ ಕೊಟ್ಟೀನ್ರಿ.”

“ಹಂಗಾರ ಆ ಸ್ಕೂಟಿ ಒಂಚೂರು ನೆರಳಿಗೆ ತಂದು ಹಚ್ಚರಿ. ಸೀಟು ಕಾದು ಹೆಂಚಾಗ್ಯದ.”

ತಿರುಪತಿ ಸ್ಕೂಟಿಯ ಹತ್ತಿರ ಹೋದ. ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಆಮೇಲೆ ಎರಡೂ ಕೈಯಿಂದ ಹಿಡಿದು, ಎಮ್ಮೆಯನ್ನು ನೀರಿನಿಂದ ಎಬ್ಬಿಸುವವನ ಹಾಗೆ ನೂಕುತ್ತಾ ತಂದ. ನೆರಳಿಗೆ ಬರುವಷ್ಟರಲ್ಲಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಖುರ್ಷೀದಬೇಗಂ ಅವನನ್ನು ಮೇಲಿಂದ ಕೆಳಗೆ ನೋಡಿ, “ಬೇಟಾ, ಖರೆ ಹೇಳು. ನಿಂಗ ಗಾಡಿ ಹೊಡಿಯಾಕ ಬರಂಗಿಲ್ಲ, ಹೌದಿಲ್ಲೋ?” ಅಂದಳು.

ದೂರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಕಡೆ ನೋಡುತ್ತಾ ತಿರುಪತಿ ತಲೆಯಾಡಿಸಿದ. ಚಿಕ್ಕಂದಿನಲ್ಲಿ ಸೈಕಲ್ ಮೇಲಿಂದ ಬಿದ್ದಾಗ ಓಣಿಯೆಲ್ಲ ನಕ್ಕಿತ್ತಂತೆ. ಅಂದಿನಿಂದ ಎರಡು ಗಾಲಿಯ ಯಾವುದನ್ನೂ ಹತ್ತಿರಲಿಲ್ಲ. ಬುಲೆಟ್ ಮಿಲ್ಲಿನ ಮ್ಯಾನೇಜರನದು.

ದುರ್ಗಾದೇವಿಗೆ ನಗು ಉಕ್ಕಿ ಬಂತು. ಆದರೆ ಅವನ ಮುಖ ನೋಡಿ ನುಂಗಿಕೊಂಡಳು. ಅವಳು ನುಂಗಿಕೊಂಡದ್ದನ್ನು ಅವನೂ ನೋಡಿದ.

“ಒಂದು ಕೆಲಸ ಮಾಡೂಣ್ರಿ,” ಅಂದಳು. “ಪೇಪರಿನವರನ್ನ, ಬ್ಲಾಗಿನವರನ್ನ ಹೆಂಗ ಹಿಡಿಯೋದು ಅಂತ ನೀವು ನಂಗ ಕಲಿಸ್ರಿ. ಗಾಡಿ ನಾ ಕಲಿಸ್ತೀನಿ.”

“ಇದು ಹೆಣ್ಮಕ್ಕಳ ಶಾಲೆ ಅಲ್ಲೇನ್ರಿ?”

“ಗಾಡಿಗೆ ಗೊತ್ತಾಗಂಗಿಲ್ಲ.”

ಹೀಗೆ ಬೆಳಗಿನ ಪಾಠ ಶುರುವಾಯಿತು. ಮೊದಲು ಅವನ ಪಾಠ: “ಎಲ್ಲರಿಗೂ ಒಂದೇ ಮೆಸೇಜ್ ಒಗೀಬ್ಯಾಡ್ರಿ. ಅವರು ಬರೆದದ್ದನ್ನ ಮೊದಲು ಓದ್ರಿ. ಮೇಕಪ್ ಹುಡುಗಿಗೆ ಹೆಲ್ಮೆಟ್ ಹಾಕಿದ್ರೂ ಜಡಿ ಕೆಡದಂಗ ಹೆಂಗ ಅಂತ ಕೇಳ್ರಿ, ತಾನೇ ಓಡಿ ಬರ್ತಾಳ. ನಿಮ್ಮ ಕಥಿ ಅವರ ಮಂದಿಗೆ ಯಾಕ ಬೇಕು, ಅದನ್ನ ಎರಡು ಸಾಲಿನಾಗ ಹೇಳ್ರಿ.”

“ನಿಮ್ಮ ಬ್ಲಾಗ್ ನಾ ಓದೀನಿ,” ಎಂದಳು ಅವಳು ಒಂದು ದಿನ.

“ಖರೇನಾ? ಯಾವುದು?”

“ಎಲ್ಲಾ. ಗೋಗಿ ಬಸ್ ಸ್ಟ್ಯಾಂಡಿನ ಚಾದ ಬಗ್ಗೆ ಬರೆದದ್ದು ಎರಡು ಸಲ.”

ತಿರುಪತಿ ಆ ಹೊತ್ತಿಗೆ ಸ್ಕೂಟಿಯ ಮೇಲಿದ್ದ. ಈ ಮಾತು ಕೇಳಿ ತಿರುಗಿ ಅವಳ ಮುಖ ನೋಡಿದ. ಸ್ಕೂಟಿ ನೆಟ್ಟಗೆ ಹೋಗಿ ಮಣ್ಣಿನ ಗುಪ್ಪೆಗೆ ಹಾಯ್ದು ಬಿತ್ತು.

“ಮುಂದ ನೋಡ್ರಿ,” ಅವಳು ಕೂಗಿದಳು.

“ನೋಡೋಂಥಾದ್ದು ಮುಂದ ಏನದ್ರಿ?” ಅವನು ಮಣ್ಣಿನಿಂದಲೇ ಕೇಳಿದ.

ಖುರ್ಷೀದಬೇಗಂ ದಾರದ ಉಂಡೆ ಸುತ್ತುತ್ತಾ, “ಯಾ ಅಲ್ಲಾ, ಈ ಹುಡುಗ ಜಲ್ದಿ ಕಲಿಯೋ ಪೈಕಿ ಅಲ್ಲ,” ಎಂದು ನಿಟ್ಟುಸಿರು ಬಿಟ್ಟಳು. ಮುಖದ ತುಂಬ ನಗುವಿತ್ತು.

ಅವನು ಹೇಳಿದಂತೆ ಬರೆದ ಹೊಸ ಮೆಸೇಜಿಗೆ ಕೊನೆಗೂ ಮಹಾದೇವಪ್ಪನವರು ಸೋತರು. ಒಂದು ಬೆಳಿಗ್ಗೆ ಯಾದಗಿರಿಯಿಂದ ಕ್ಯಾಮೆರಾ ಸಮೇತ ಬಂದರು. ಕಾರು ಕಂಡ ಗಾಬರಿಯಲ್ಲಿ ತಿರುಪತಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತಿರುವಿ, ಸ್ಕೂಟಿಯ ಜೊತೆ ಜಾಲಿಕಂಟಿಯ ಪೊದೆಯೊಳಗೆ ಹೊಕ್ಕ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು, ತಿರುಗುತ್ತಿದ್ದ ಒಂದು ಗಾಲಿ.

ಮಹಾದೇವಪ್ಪ ಬಯಲು ನೋಡಿದರು, ಖುರ್ಷೀದಬೇಗಂಳ ಸುತ್ತು ನೋಡಿದರು. “ಹೆಣ್ಮಕ್ಕಳು ಸ್ಕೂಟಿ ಹೊಡಿಯೋದು ಈಗ ಸುದ್ದಿ ಅಲ್ಲವ್ವ. ಮಂದಿ ನಕ್ಕು ಓದೋಂಥಾದ್ದು ಏನರ ಬೇಕು.” ಅವರ ಕಣ್ಣು ಕಂಟಿಯ ಮೇಲೆ ನಿಂತಿತು. “ಆ ಗಂಡಸು ಯಾರು? ಹೆಣ್ಮಕ್ಕಳ ಶಾಲೆಯೊಳಗ ಬಿದ್ದು ಒದ್ದಾಡೋ ಗಂಡಸು! ಹೆಸರು ಹೇಳು, ಒಂದು ಫೋಟೋ ತಕ್ಕೊಳ್ತೀನಿ. ನಾಳೆನೇ ಹಾಕ್ತೀನಿ, ದೊಡ್ಡದಾಗಿ.”

ಇಷ್ಟು ದಿನ ಅವಳು ಕಾದದ್ದು ಇದೇ ಮಾತಿಗೆ. ಒಂದು ಹೆಸರು ಹೇಳಿದ್ದರೆ ಸಾಕಿತ್ತು.

“ಅದು ಆಗಂಗಿಲ್ರಿ ಸರ್,” ಅಂದಳು. “ಬೀಳೋದನ್ನ ಯಾರೂ ನೋಡಂಗಿಲ್ಲ ಅಂತ ನಂಬಿ ನನ್ನ ಹತ್ರ ಬಂದಾರ. ಅವರು ಬಿದ್ದದ್ದನ್ನ ನಾ ಮಾರಂಗಿಲ್ಲ.”

“ಹಂಗಾರ ಸುದ್ದಿ ಇಲ್ಲ, ತಾಯಿ.”

“ಇಲ್ಲಂದ್ರ ಇಲ್ರಿ. ಚಾ ಕುಡದು ಹೋಗ್ರಿ.”

ಮಹಾದೇವಪ್ಪ ಚಾ ಕುಡಿದೇ ಹೋದರು. ಕಂಟಿಯೊಳಗೆ ಮುಳ್ಳು ಚುಚ್ಚಿಸಿಕೊಂಡು ಮಲಗಿದ್ದವನು ಅಷ್ಟೂ ಮಾತು ಕೇಳಿಸಿಕೊಂಡಿದ್ದ. ಎದ್ದು ಬಂದು, ಸ್ಕೂಟಿಯನ್ನು ನೆರಳಿಗೆ ನಿಲ್ಲಿಸಿ ಹೊರಟುಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಚಿಕೆಯಾಗಿ ಬಿಟ್ಟನೆಂದುಕೊಂಡಳು ದುರ್ಗಾದೇವಿ. ಬಯಲು ಮೊದಲೂ ಖಾಲಿಯೇ ಇತ್ತು, ಈಗಿನ ಖಾಲಿ ಮಾತ್ರ ಬೇರೆ ಥರದ್ದು. ಸಂಜೆ ಅಪ್ಪನಿಗೆ, “ಶೋರೂಮಿನವರಿಗೆ ಹ್ಞೂಂ ಅಂತ ಹೇಳಿಬಿಡಪ್ಪ,” ಅಂದಳು. ಬಸವಂತ್ರಾಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗಳನ್ನು ನೋಡಿದ. ಅವಳು ರಾತ್ರಿ ಖುರ್ಷೀದಬೇಗಂಗೂ ಫೋನ್ ಮಾಡಿ ಅದನ್ನೇ ತಿಳಿಸಿದಳು.

ಬೆಳಿಗ್ಗೆ ಬಾಗಿಲು ಬಡಿದವಳು ಖುರ್ಷೀದಬೇಗಂ. ಕೈಯಲ್ಲಿ ಫೋನು.

‘ಈ ಸಲ ತಿನ್ನೋದರ ಬಗ್ಗೆ ಅಲ್ಲ, ಬೀಳೋದರ ಬಗ್ಗೆ,’ ಎಂದು ‘ಮೊದಲ ತುತ್ತು’ ಶುರುವಾಗಿತ್ತು. ಬುಲೆಟ್ ತನ್ನದಲ್ಲವೆಂದು ಬರೆದಿದ್ದ. ಸೈಕಲ್ಲಿನ ಕಥೆ ಬರೆದಿದ್ದ. ಜಾಲಿಕಂಟಿಯನ್ನೂ ಬಿಟ್ಟಿರಲಿಲ್ಲ. ‘ನಾ ಬಿದ್ದಾಗೆಲ್ಲಾ ಆಕಿ ನಗಲಿಲ್ಲ. ಕೈ ಕೊಟ್ಟು ಎಬ್ಬಿಸಿ, ಮತ್ತ ಹತ್ತು ಅಂದಳು. ನಾ ಇಪ್ಪತ್ತು ವರ್ಷ ಅಂಜಿದ್ದು ಬೀಳಾಕಲ್ಲ, ನಗೋರಿಗೆ. ಅಕ್ಕಂದಿರೇ, ನೀವೂ ಅದಕ್ಕೇ ಅಂಜಿದ್ರ ಆ ಬಯಲಿಗೆ ಹೋಗ್ರಿ.’ ಕೆಳಗೆ ಹೊಸ ಫೋಟೋ: ಮೂಗಿನ ಮೇಲೆ ಮುಳ್ಳು ಗೀರಿದ ಗೆರೆ, ಪಕ್ಕದಲ್ಲಿ ಯಾರದೋ ಹಳೆಯ ಸ್ಕೂಟಿ.

ಶಹಾಪುರ ನಕ್ಕಿತು, ಸುರಪುರ ನಕ್ಕಿತು. ನಕ್ಕವರೆಲ್ಲ ಅದನ್ನು ಇನ್ನೊಬ್ಬರಿಗೆ ಕಳಿಸಿದರು. ಮಹಾದೇವಪ್ಪ ಅದನ್ನೇ ಪತ್ರಿಕೆಯಲ್ಲಿ ಹಾಕಿದರು. ವಾರ ತುಂಬುವಷ್ಟರಲ್ಲಿ ಬಯಲಿನಲ್ಲಿ ಅಂಗನವಾಡಿ ಟೀಚರು, ನರ್ಸು, ಹತ್ತಿರದ ಸಗರ ಊರಿನಿಂದ ಅತ್ತೆ ಸೊಸೆ ಜೋಡಿ. “ಆ ಹುಡುಗಗ ಕಲಿಸೀರಂದ್ರ ನಮಗೂ ಬರ್ತದ ಬಿಡ್ರಿ,” ಅಂದಳು ಅತ್ತೆ. ಕೆಲವು ಗಂಡಸರೂ ಬಂದಿದ್ದರು. ಖುರ್ಷೀದಬೇಗಂ ಬೋರ್ಡು ತೋರಿಸಿ ವಾಪಸು ಕಳಿಸಿದಳು. ಶೋರೂಮಿನ ಮಾತನ್ನು ಬಸವಂತ್ರಾಯ ಮತ್ತೆ ಎತ್ತಲೇ ಇಲ್ಲ.

ಆ ಸಂಜೆ ಎಲ್ಲರೂ ಹೋದ ಮೇಲೆ ತಿರುಪತಿ ಬಂದ, ಫೋಟೋದಲ್ಲಿದ್ದ ಅದೇ ಸ್ಕೂಟಿಯ ಮೇಲೆ, ಹೆಲ್ಮೆಟ್ ಹಾಕಿಕೊಂಡು, ಎತ್ತಿನ ಬಂಡಿಗಿಂತ ತುಸು ಜೋರಾಗಿ.

“ಯಾಕ ಬರೆದ್ರಿ?” ದುರ್ಗಾದೇವಿಯ ದನಿಯಲ್ಲಿ ಸಿಟ್ಟಿತ್ತು. “ಮಾನ ಕಳ್ಕೊಂಡು ಪ್ರಚಾರ ಕೊಡ್ರಿ ಅಂತ ಕೇಳಿದ್ದೆನೇನು? ಎಲ್ಲಿ ಹೋಗಿದ್ರಿ ಇಷ್ಟು ದಿನ?”

“ಬರೆದು ಅಳಿಸೋದು, ಬರೆದು ಅಳಿಸೋದು, ಅದರಾಗೇ ಎರಡು ದಿನ ಹೋತ್ರಿ. ಉಳಿದದ್ದು ಒಬ್ಬನೇ ಗಾಡಿ ಹೊಡದು ಕಲಿಯೋದ್ರಾಗ.” ಅವನು ನೆಲ ನೋಡಿದ. “ನಿಮ್ಮ ಸಲುವಾಗಿ ಬರೆದೆ ಅಂದ್ರ ಸುಳ್ಳಾಗ್ತದ. ನೀವು ಕಲಬುರಗಿಗೆ ಹೋಗ್ತೀರಂತ ಅವತ್ತು ರಾತ್ರಿ ಖುರ್ಷೀದಕ್ಕ ಫೋನ್ ಮಾಡಿ ಹೇಳಿದ್ರು. ನೀವು ಹೋದ್ರ ನಾ ಯಾರ ಮುಂದ ಬೀಳ್ಲಿ? ಬ್ಯಾರೆಯವರ ಮುಂದ ಬೀಳಾಕ ಮನಸಿಲ್ರಿ.”

ದುರ್ಗಾದೇವಿ ಅವನ ಮೂಗಿನ ಗೆರೆಯನ್ನು ನೋಡುತ್ತಾ ನಿಂತಳು. ಅದನ್ನು ಮುಟ್ಟಬೇಕೆನಿಸಿತು. ಕೈ ಹಿಂದೆ ಕಟ್ಟಿಕೊಂಡಳು.

“ಇದನ್ನ ನಂಗ ಹೇಳಿದ್ರ ಏನು ಬಂತು?” ಅಂದಳು ಕೊನೆಗೆ. ಸಿಟ್ಟು ದನಿಯಿಂದ ಯಾವಾಗಲೋ ಇಳಿದುಹೋಗಿತ್ತು. “ನಮ್ಮಪ್ಪ ಡ್ಯೂಟಿ ಮುಗಿಸಿ ಬಂದಾನ. ಗಾಡಿ ತಿರುಗಸ್ರಿ, ನಾ ಹಿಂದ ಕೂಡ್ತೀನಿ.”

“ಈಗೇನ್ರಿ?”

“ಮತ್ತ ಧೈರ್ಯ ಬರಂಗಿಲ್ಲ ನಿಮಗ. ನಡೀರಿ.”

ದಾರಿಯುದ್ದಕ್ಕೂ ಅವಳು ಬೆನ್ನ ಹಿಂದಿನಿಂದ “ನಿಧಾನ” ಅನ್ನುತ್ತಲೇ ಇದ್ದಳು. ಅವನ ಭುಜದ ಮೇಲಿಟ್ಟ ಕೈಯನ್ನು ಮಾತ್ರ ತೆಗೆಯಲಿಲ್ಲ.

ಬಸವಂತ್ರಾಯ ಕಟ್ಟೆಯ ಮೇಲೆ ಕೂತಿದ್ದ. ಗಾಡಿ ಬಂದದ್ದು, ಜರ್ಕ್ ಹೊಡೆದು ನಿಂತದ್ದು, ಮಗಳು ಇಳಿದದ್ದು, ಎಲ್ಲವನ್ನೂ ಬಸ್ಸಿನ ಕನ್ನಡಿಯಲ್ಲಿ ನೋಡುವವನ ಹಾಗೆ ನೋಡಿದ.

“ಎಷ್ಟು ದಿನಾತು?” ಕೇಳಿದ.

“ಗಾಡಿ ಹೊಡಿಯೋದೇನ್ರಿ?” ತಿರುಪತಿ ತೊದಲಿದ.

“ಎರಡೂ ಹೇಳು.”

“ಗಾಡಿ ಬಂದದ್ದು ಮೊನ್ನೆ ಮೊನ್ನೆ ರೀ. ಇದು ಅದಕ್ಕಿಂತ ಮೊದಲೇ ಬಂದದ್ರಿ.”

ದುರ್ಗಾದೇವಿ ಸೆರಗಿನಂತೆ ವೇಲು ಎಳೆದುಕೊಂಡು ಬಾಗಿಲ ಕಡೆ ತಿರುಗಿದಳು, ನಗು ಕಾಣಬಾರದೆಂದು. ಬಸವಂತ್ರಾಯ ಎದ್ದು ನಿಂತು ದಾರಿ ಬಿಟ್ಟ.

“ಹೆಲ್ಮೆಟ್ ತಗದು ಒಳಗ ಬಾರಪ್ಪ,” ಅಂದ. “ಆಕಿ ಅವ್ವ ನಿನ್ನ ಮುಖಾ ನೋಡಬೇಕಲ್ಲ.”